ಆರನೆಯ ವರ್ಷದ ದವಡೆಹಲ್ಲು



ದೇಹವನ್ನೇ ದೇಗುಲವೆಂದು ಬಗೆದ ಪರಂಪರೆ ನಮ್ಮದು. ಆದರೂ ಆ ದೇಗುಲದ ಬಾಗಿಲಲ್ಲೇ ಇರುವ ಹಲ್ಲುಗಳನ್ನು ನೋವು ಬಂದಾಗಲಷ್ಟೇ ನೆನೆಯುತ್ತೇವೆ. ಹಲ್ಲನ್ನು ಕೊರೆಯದೆಯೇ ಕಾಯುವ ವಿದ್ಯೆಯೊಂದರ ಇತಿಹಾಸವನ್ನು ಈ ಸಂಚಿಕೆಯಲ್ಲಿ ನಿವೇದಿಸಬಯಸುತ್ತೇವೆ.

ಹಿಂದೆ ಹುಳುಕಿಗೆ ತುಂಬುತ್ತಿದ್ದ ಲೋಹಮಿಶ್ರಣವು ಹಲ್ಲಿಗೆ ಅಂಟುತ್ತಿರಲಿಲ್ಲ. ಅದು ಕದಲದೆ ನಿಲ್ಲಲೆಂದು ವೈದ್ಯರು ಹಲ್ಲಿನ ಸದೃಢ ಭಾಗವನ್ನೂ ಕೊರೆಯಬೇಕಾಗುತ್ತಿತ್ತು. ಅಮೆರಿಕದ ರಾಚೆಸ್ಟರ್ ನಗರದ ದಂತವಿಜ್ಞಾನಿ ಮೈಕೆಲ್ ಬ್ಯುನೊಕೋರ್ ಅವರು ಇದಕ್ಕೊಂದು ದಾರಿ ಕಂಡರು. ಲೋಹಕ್ಕೆ ಬಣ್ಣ ಬಿಗಿಯಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲ ಬಳಸುತ್ತಿದ್ದುದನ್ನು ಅರಿತಿದ್ದ ಅವರು, ಅದೇ ಉಪಾಯವನ್ನು ಹಲ್ಲಿನ ಮೇಲೆ ಪರೀಕ್ಷಿಸಿ 1955ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಶೇಕಡ 85ರ ಆಮ್ಲವನ್ನು 30 ಸೆಕೆಂಡು ಹಚ್ಚಿ ತೊಳೆದಾಗ, ನುಣುಪಾದ ಎನಾಮೆಲ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ರಂಧ್ರಗಳು ಉಂಟಾದವು. ಅವುಗಳೊಳಗೆ ಇಳಿದ ಅಕ್ರಿಲಿಕ್ ರಾಳವು ಬೇರೂರಿದಂತೆ ನಿಂತಿತು.

ಅಮೆರಿಕದವರೇ ಆದ ರಫಾಯೆಲ್ ಬೋವೆನ್ ಅವರು 1962ರಲ್ಲಿ ಬಿಸ್-ಜಿಎಂಎ ಎಂಬ ದೃಢವಾದ ರಾಳಕ್ಕೆ ಪೇಟೆಂಟ್ ಪಡೆದರು. 1967ರಲ್ಲಿ ಕ್ಯೂಟೊ ಮತ್ತು ಬ್ಯುನೊಕೋರ್ ಅವರು ದವಡೆಹಲ್ಲಿನ ಕುಳಿಗೆರೆಗಳನ್ನು ಅಂಟಿನಿಂದ ಮುಚ್ಚಿ ಹುಳುಕು ತಡೆಯುವ ಪ್ರಯೋಗವನ್ನು ಪ್ರಕಟಿಸಿದರು. ಇಂದಿನ ಸೀಲೆಂಟ್ ಲೇಪನದ ಮೂಲ ಇದೇ. ಈಗ ಅದನ್ನು ನೀಲಿ ಬೆಳಕು ಬೀರಿ ಕ್ಷಣಗಳಲ್ಲಿ ಗಟ್ಟಿಗೊಳಿಸುತ್ತಾರೆ. ಸಾಮಾನ್ಯವಾಗಿ ಕೊರೆತವೂ ಇಲ್ಲ, ಸೂಜಿಯೂ ಇಲ್ಲ.

ತಾಯಂದಿರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಸುಮಾರು 6ನೆಯ ವಯಸ್ಸಿನಲ್ಲಿ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಮೊದಲ ಶಾಶ್ವತ ದವಡೆಹಲ್ಲು ಸದ್ದಿಲ್ಲದೆ ಮೂಡುತ್ತದೆ. ಇದೂ ಬೀಳುವ ಹಲ್ಲೆಂದು ಬಗೆದು ಅನೇಕರು ಉಪೇಕ್ಷಿಸುತ್ತಾರೆ. ಅದರ ಆಳವಾದ ಗೆರೆಗಳೊಳಗೆ ಬ್ರಷ್ಷಿನ ಎಳೆಯೂ ಇಳಿಯದು; ಹುಳುಕು ಅಲ್ಲಿಂದಲೇ ಮೊದಲಾಗುತ್ತದೆ. ಈ ಹಲ್ಲು ಹೋದರೆ ಮತ್ತೆ ಹುಟ್ಟದು. ಆದುದರಿಂದ ಅದು ಪೂರ್ಣವಾಗಿ ಮೂಡಿದೊಡನೆ ಮಗುವನ್ನು ದಂತವೈದ್ಯರಲ್ಲಿಗೆ ಕರೆದೊಯ್ದು ಲೇಪನದ ವಿಚಾರ ಕೇಳಿರಿ. ಸುಮಾರು 12ನೆಯ ವಯಸ್ಸಿಗೆ ಮೂಡುವ ಎರಡನೆಯ ದವಡೆಹಲ್ಲಿಗೂ ಈ ಮಾತು ಸಲ್ಲುತ್ತದೆ. ಲೇಪನವು ಕೆಲವೊಮ್ಮೆ ಕಳಚುವುದುಂಟು, ಆಗಾಗ ತೋರಿಸುತ್ತಿರಬೇಕು. ಹಲ್ಲುಗಳ ನಡುವಣ ಸಂದುಗಳನ್ನು ಅದು ಕಾಯಲಾರದು; ಆದ್ದರಿಂದ ಹಲ್ಲುಜ್ಜುವುದನ್ನೂ ಸಿಹಿಯಲ್ಲಿ ಮಿತಿಯನ್ನೂ ಬಿಡುವಂತಿಲ್ಲ.

ನುಣುಪಾದ ಹಲ್ಲಿಗೆ ಲೇಪನ ನಿಲ್ಲದು. ಬಿಗುಮಾನದ ಮನಸ್ಸಿಗೆ ಹಿತವಚನ ನಾಟದು. ಹುಳುಕು ಹಿಡಿದ ಮೇಲೆ ಮರುಗುವುದಕ್ಕಿಂತ ಹಿಡಿಯುವ ಮುನ್ನವೇ ಕಾಯುವುದು ಲೇಸು. ಹಲ್ಲಿನ ವಿಷಯದಲ್ಲಿ ಆ ಅವಕಾಶ ಮಗುವಿನ ಆರನೆಯ ವರ್ಷದಲ್ಲೇ ಮನೆಬಾಗಿಲಿಗೆ ಬರುತ್ತದೆ.