ಕ್ಯಾಮೆರಾಗೆ ಜಗಲಿ ಸಾಕು, ಒಳಮನೆ ಬೇಡ

ಮೊನ್ನೆ ಊರಿಗೆ ಹೋದಾಗ ಚಿಕ್ಕಪ್ಪನ ಮನೆಗೆ ಕ್ಯಾಮೆರಾ ಹಾಕುತ್ತಿದ್ದರು. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ್ದಾರೆ, ಕಳ್ಳರ ಭಯ ಇದೆ, ಹಾಕಿಸಲೇಬೇಕು. ಅದಕ್ಕೆ ನನ್ನ ತಕರಾರಿಲ್ಲ. ಅಂಗಳಕ್ಕೆ ಎರಡು, ಮುಂದಿನ ಕೋಣೆಗೆ ಒಂದು. ಆ ಕೋಣೆಯಲ್ಲಿ ಚಿಕ್ಕಪ್ಪನ ಮಗಳು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಅಂಗಡಿ ಇಟ್ಟಿದ್ದಾಳೆ. ಅವಳ ಕಂಪ್ಯೂಟರಿನಲ್ಲಿ ಊರಿನ ಅರ್ಧ ಜನರ ಆಧಾರ್, ಪಹಣಿ, ಪಾಸ್‌ಬುಕ್ ಸ್ಕ್ಯಾನ್ ಇವೆ.

ಹಾಕುವ ಹುಡುಗ ಮನೆಯ ವೈಫೈ ಪಾಸ್‌ವರ್ಡ್ ಕೇಳಿದ, ಮೂರು ಕ್ಯಾಮೆರಾಗೂ ಅದನ್ನೇ ಹೊಡೆದ, ಚಿಕ್ಕಪ್ಪನ ಮೊಬೈಲಿಗೆ ಆ್ಯಪ್ ಹಾಕಿಕೊಟ್ಟ. ಕ್ಯಾಮೆರಾದ ಪಾಸ್‌ವರ್ಡ್ ಏನು ಎಂದೆ. "ಅಡ್ಮಿನ್ 123 ಇಟ್ಟಿದೀನಿ, ನೆನಪಿರುತ್ತೆ" ಎಂದ. ಇವಕ್ಕೆ ಬೇರೆ ವೈಫೈ ಮಾಡಿಕೊಡಪ್ಪ ಎಂದರೆ ನಕ್ಕುಬಿಟ್ಟ.

"ಅದೆಲ್ಲ ಬೆಂಗಳೂರಿನವರಿಗೆ ಅಣ್ಣ. ಈ ಹಳ್ಳೀಲಿ ಯಾರ್ ಬಂದು ಹ್ಯಾಕ್ ಮಾಡ್ತಾರೆ?"

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಈ ಮಾತಿನ ಮೇಲೆ ಇದೆ. ತಾಲ್ಲೂಕಿನಲ್ಲಿ ಕ್ಯಾಮೆರಾ ಮಾರುವವರು, ಇಂಟರ್ನೆಟ್ ಲೈನ್ ಎಳೆಯುವವರು, ಮೊಬೈಲಿನಿಂದ ಪಂಪ್ ಆನ್ ಮಾಡುವ ಡಬ್ಬಿ ಕೂರಿಸುವವರು, ಎಲ್ಲರ ಬಾಯಲ್ಲೂ ಇದೇ ಮಾತು. ಹಳ್ಳಿ ಎಂದರೆ ಅರ್ಧ ಕೆಲಸ ಮಾಡಿ ಪೂರ್ತಿ ದುಡ್ಡು ತೆಗೆದುಕೊಳ್ಳಬಹುದು ಎಂದು ಅದರ ಅರ್ಥ.

ಯಾರೂ ಹಳ್ಳಿಗೆ ಬರಬೇಕಾಗಿಲ್ಲ. 2016ರಲ್ಲಿ ಮಿರಾಯ್ ಎಂಬ ಒಂದು ಪ್ರೋಗ್ರಾಂ ಇಂಟರ್ನೆಟ್ಟಿನಲ್ಲಿ ಓಡಾಡಿತು. ಅದಕ್ಕೆ ಊರು, ಕೇರಿ ಗೊತ್ತಿರಲಿಲ್ಲ. ಸಿಕ್ಕ ಸಿಕ್ಕ ನಂಬರಿನ ಬಾಗಿಲು ತಟ್ಟುತ್ತಿತ್ತು. ಅದರ ಕೈಯಲ್ಲಿ ಇದ್ದದ್ದು ಕಂಪನಿಯವರೇ ಇಟ್ಟು ಕಳಿಸುವ ಸುಮಾರು 60 ಯೂಸರ್‌ನೇಮ್, ಪಾಸ್‌ವರ್ಡ್‌ಗಳ ಪಟ್ಟಿ, ಅಷ್ಟೇ. ಅಡ್ಮಿನ್, ರೂಟ್, 12345, ಇಂಥವು. ಇಷ್ಟರಿಂದಲೇ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳು ಅದರ ಆಳಾದವು. ಅಕ್ಟೋಬರ್ 21ರಂದು ಅಂಥ ಪೆಟ್ಟಿಗೆಗಳ ದಂಡು ಡಿನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದಾಗ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಗಂಟೆಗಟ್ಟಲೆ ತೆರೆಯಲಿಲ್ಲ. ಮಿರಾಯ್ ಬರೆದವರು ಮೂವರು ಹುಡುಗರು, 2017ರಲ್ಲಿ ತಪ್ಪೊಪ್ಪಿಕೊಂಡರು. ಶುರುವಾದದ್ದು ಮೈನ್‌ಕ್ರಾಫ್ಟ್ ಎಂಬ ಮಕ್ಕಳ ಆಟದ ಸರ್ವರ್‌ಗಳ ಜಗಳದಿಂದ ಎಂದರೆ ನಗು ಬರುತ್ತದೆ. ಕ್ಯಾಮೆರಾ ಮಾಲೀಕರಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಚಿತ್ರ ಎಂದಿನಂತೆ ಬರುತ್ತಲೇ ಇತ್ತು.

ನಮ್ಮ ದೇಶದ್ದೇ ಬೇಕೆಂದರೆ, 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳನ್ನು ಪರೀಕ್ಷೆ ಮಾಡುವ ಸಿಸಿಟಿವಿ ದೃಶ್ಯಗಳು ಯೂಟ್ಯೂಬ್, ಟೆಲಿಗ್ರಾಂನಲ್ಲಿ ಹರಿದಾಡಿದವು. ಪಾಸ್‌ವರ್ಡ್ ಅಡ್ಮಿನ್ 123 ಆಗಿತ್ತು ಎಂದು ಆಮೇಲೆ ವರದಿಯಾಯಿತು. ನಮ್ಮ ಹುಡುಗ ನೆನಪಿರುತ್ತೆ ಎಂದು ಇಟ್ಟದ್ದೂ ಅದನ್ನೇ.

ಪಾಸ್‌ವರ್ಡ್ ಬದಲಿಸಿದರೆ ಮುಗಿಯಿತಲ್ಲ, ಬೇರೆ ವೈಫೈ ಯಾಕೆ ಎಂದು ಕೇಳಬಹುದು. ನಮ್ಮ ಹಳೇ ಮನೆಗಳನ್ನು ನೆನೆಸಿಕೊಳ್ಳಿ. ಗುರುತಿಲ್ಲದವರು ಬಂದರೆ ಜಗಲಿಯಲ್ಲಿ ಕೂರಿಸಿ ನೀರು, ಬೆಲ್ಲ ಕೊಡುತ್ತಿದ್ದರು. ಒಳಮನೆಗೆ ಕರೆಯುತ್ತಿರಲಿಲ್ಲ. ಕ್ಯಾಮೆರಾ, ಸ್ಮಾರ್ಟ್ ಬಲ್ಬ್, ಪಂಪ್ ಡಬ್ಬಿ ಎಲ್ಲವೂ ಗುರುತಿಲ್ಲದವರೇ. ಒಳಗೆ ಯಾವ ಪ್ರೋಗ್ರಾಂ ಇದೆ, ಅದು ಯಾವ ದೇಶದ ಸರ್ವರ್ ಜೊತೆ ಮಾತಾಡುತ್ತದೆ, ನಮಗೆ ಕಾಣುವುದಿಲ್ಲ. ಮೊಬೈಲಿಗೆ ಬರುವ ಹಾಗೆ ಅಪ್‌ಡೇಟ್ ಇವಕ್ಕೆ ಬರುವುದೂ ಅಪರೂಪ. ಇಂಥದ್ದನ್ನು ಮನೆಯ ವೈಫೈಗೇ ಸೇರಿಸಿದರೆ ಅದು ಕಂಪ್ಯೂಟರಿನ ಪಕ್ಕದಲ್ಲೇ ಕೂತಂತೆ. ಕೆಟ್ಟವರ ಕೈಗೆ ಸಿಕ್ಕರೆ ಅಲ್ಲಿಂದಲೇ ಕಂಪ್ಯೂಟರಿನ ಶೇರ್ ಫೋಲ್ಡರ್ ತಡಕಬಹುದು, ರೂಟರಿನ ಬೀಗ ಅಲ್ಲಾಡಿಸಿ ನೋಡಬಹುದು. ಗೆಸ್ಟ್ ವೈಫೈ ಎಂದರೆ ಜಗಲಿ. ಅಲ್ಲಿ ಕೂತದ್ದಕ್ಕೆ ಇಂಟರ್ನೆಟ್ ಸಿಗುತ್ತದೆ, ಒಳಮನೆ ಕಾಣುವುದಿಲ್ಲ.

ಇಲ್ಲಿ ಸುಳ್ಳು ಹೆದರಿಕೆಯನ್ನೂ ಹೇಳಿಬಿಡಬೇಕು. ಕ್ಯಾಮೆರಾ ಇದ್ದರೆ ಯುಪಿಐ ಖಾತೆ ಖಾಲಿಯಾಗುತ್ತದೆ ಎಂದು ವಾಟ್ಸಾಪಿನಲ್ಲಿ ಬಂದರೆ ನಂಬಬೇಡಿ. ಬ್ಯಾಂಕ್ ಆ್ಯಪ್‌ಗಳ ಮಾತುಕತೆ ಬೀಗ ಹಾಕಿಕೊಂಡೇ ಹೋಗುತ್ತದೆ, ಪಕ್ಕದಲ್ಲಿ ಕೂತ ಕ್ಯಾಮೆರಾ ಅದನ್ನು ಸುಲಭಕ್ಕೆ ಓದಲಾರದು. ಹಾಗೆಯೇ ಗೆಸ್ಟ್ ವೈಫೈ ಹಾಕಿದ ಮಾತ್ರಕ್ಕೆ ಕ್ಯಾಮೆರಾದ ಚಿತ್ರ ಸೋರುವುದು ನಿಲ್ಲುವುದಿಲ್ಲ. ಅದಕ್ಕೆ ಗಟ್ಟಿ ಪಾಸ್‌ವರ್ಡೇ ಬೇಕು, ಮಲಗುವ ಕೋಣೆಗೆ ಕ್ಯಾಮೆರಾ ಹಾಕದಿರುವ ಬುದ್ಧಿಯೂ ಬೇಕು. ಬೇರೆ ವೈಫೈ ಕಾಯುವುದು ಮನೆಯ ಉಳಿದ ಸಾಮಾನನ್ನು. ಚಿಕ್ಕಪ್ಪನ ಮನೆಯಲ್ಲಿ ಆ ಉಳಿದ ಸಾಮಾನು ಎಂದರೆ ಊರವರ ಆಧಾರ್.

ಕೆಲಸ ಚಿಕ್ಕದು. ರೂಟರಿನ ತಳದ ಚೀಟಿಯಲ್ಲಿ 192.168.1.1 ಎಂಬಂಥ ನಂಬರ್ ಇರುತ್ತದೆ. ಅದನ್ನು ಮೊಬೈಲಿನ ಬ್ರೌಸರಿನಲ್ಲಿ ಹೊಡೆದು ಒಳಗೆ ಹೋದರೆ ಗೆಸ್ಟ್ ನೆಟ್‌ವರ್ಕ್ ಎಂಬುದು ಹೆಚ್ಚಿನವುಗಳಲ್ಲಿ ಸಿಗುತ್ತದೆ. ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಡಿ. ಗೆಸ್ಟ್‌ಗಳು ಮನೆಯ ನೆಟ್‌ವರ್ಕ್ ನೋಡಬಹುದೇ ಎಂಬ ಗುಂಡಿ ಇದ್ದರೆ ಆಫ್ ಇರಬೇಕು. ಇಂಥ ಸಾಮಾನು ಹೆಚ್ಚಿನವು 2.4 ಗಿಗಾಹರ್ಟ್ಸ್‌ನಲ್ಲೇ ಓಡುವುದು, ಅದನ್ನೇ ಆರಿಸಿ. ಲೈನಿನವರು ಕೊಟ್ಟ ಪೆಟ್ಟಿಗೆಯಲ್ಲಿ ಇದು ಕಾಣದಿದ್ದರೆ ಅವರಿಗೇ ಫೋನ್ ಮಾಡಿ ಕೇಳಿ.

ಅದೂ ಆಗದಿದ್ದರೆ ಒಂದು ಹಳೇ ರೂಟರ್ ಇಟ್ಟುಕೊಂಡು ಮಾಡಬಹುದು, ಆದರೆ ಇಲ್ಲಿ ತುಂಬ ಜನ ಉಲ್ಟಾ ಮಾಡುತ್ತಾರೆ. ಕ್ಯಾಮೆರಾವನ್ನು ಎರಡನೇ ರೂಟರಿಗೆ ಸೇರಿಸಿದರೆ ಅದು ಮೊದಲನೆಯದರಲ್ಲಿರುವ ಕಂಪ್ಯೂಟರನ್ನು ಮುಟ್ಟಬಲ್ಲದು. ಕ್ಯಾಮೆರಾ ಲೈನಿನವರ ಪೆಟ್ಟಿಗೆಯಲ್ಲೇ ಇರಲಿ. ಅದರಿಂದ ತಂತಿ ಎಳೆದು ಎರಡನೇ ರೂಟರಿನ ವ್ಯಾನ್ ಎಂದು ಬರೆದ ತೂತಿಗೆ ಸಿಕ್ಕಿಸಿ, ಕಂಪ್ಯೂಟರ್, ಮೊಬೈಲ್ ಅದರ ಹಿಂದೆ ಇರಲಿ. ಡಿವಿಆರ್ ಪೆಟ್ಟಿಗೆ ತಂತಿಯಲ್ಲಿ ಓಡುವುದಾದರೆ ಗೆಸ್ಟ್ ವೈಫೈ ಅದಕ್ಕೆ ಅನ್ವಯಿಸುವುದೇ ಇಲ್ಲ. ಅಂಥ ಮನೆಗೆ ಈ ಎರಡು ರೂಟರಿನ ದಾರಿಯೇ ಸರಿ.

ಓದುತ್ತಾ ತಲೆ ಬಿಸಿಯಾಯಿತೇ? ಆಗಲೇಬೇಕು. ಇದು ನಿಮ್ಮ ಕೆಲಸ ಅಲ್ಲ. ಮನೆಗೆ ವೈರಿಂಗ್ ಮಾಡಿದವನು ಅರ್ಥಿಂಗ್ ಕೊಡದೆ, ಬೇಕಿದ್ದರೆ ಯೂಟ್ಯೂಬ್ ನೋಡಿ ಕೊಟ್ಟುಕೊಳ್ಳಿ ಎಂದರೆ ದುಡ್ಡು ಕೊಡುತ್ತೀರಾ? 2019ರಲ್ಲೇ ಅಮೆರಿಕದ ಎಫ್‌ಬಿಐ ತನ್ನ ಜನರಿಗೆ ಫ್ರಿಜ್ಜು, ಲ್ಯಾಪ್‌ಟಾಪ್ ಒಂದೇ ನೆಟ್‌ವರ್ಕಿನಲ್ಲಿ ಇರಬಾರದು ಎಂದಿತ್ತು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಎಲ್ಲ ಪೆಟ್ಟಿಗೆಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದೇ ಕಾನೂನುಬಾಹಿರ. ನಮ್ಮಲ್ಲೂ 2025ರ ಏಪ್ರಿಲ್‌ನಿಂದ ಹೊಸ ಸಿಸಿಟಿವಿಗಳಿಗೆ ಸುರಕ್ಷತಾ ಪರೀಕ್ಷೆ ಕಡ್ಡಾಯವಾಗಿದೆ. ಆದರೆ ಅದು ಪೆಟ್ಟಿಗೆಯ ಪರೀಕ್ಷೆ. ಪೆಟ್ಟಿಗೆ ಎಷ್ಟು ಗಟ್ಟಿಯಿದ್ದರೇನು, ಕೂರಿಸುವವನು ನೆನಪಿಗೆ ಸುಲಭ ಎಂದು ಅಡ್ಮಿನ್ 123 ಇಟ್ಟು ಕಂಪ್ಯೂಟರಿನ ಪಕ್ಕ ಬಿಟ್ಟು ಹೋದರೆ? ಮೊದಲೇ ಗೋಡೆಗೆ ಹತ್ತಿರುವ ಕ್ಯಾಮೆರಾಗಳನ್ನಂತೂ ಯಾರೂ ಬಂದು ನೋಡುವುದಿಲ್ಲ. ಹಾಗಾಗಿ ಕೇಳಬೇಕಾದ್ದು ದುಡ್ಡು ಎಣಿಸುವ ಮುಂಚೆ, ಏಣಿ ಇನ್ನೂ ಗೋಡೆಗೆ ಒರಗಿರುವಾಗಲೇ.

ಚಿಕ್ಕಪ್ಪ ಅದನ್ನೇ ಮಾಡಿದರು. ಒಟ್ಟು ಬಿಲ್ಲಿನಲ್ಲಿ 500 ರೂಪಾಯಿ ಹಿಡಿದುಕೊಂಡು, "ಇವನು ಹೇಳಿದ್ದು ಮಾಡಪ್ಪ, ಆಮೇಲೆ ತಗೊ" ಎಂದರು. ಹುಡುಗ ಮುಖ ಸಿಂಡರಿಸಿಕೊಂಡೇ ಕೂತ. ಚಿಕ್ಕಮ್ಮ ಕಾಫಿ ತರುವಷ್ಟರಲ್ಲಿ ಮುಗಿಸಿದ. ಅವನಿಗೆ ಮೊದಲಿಂದಲೂ ಗೊತ್ತಿತ್ತು, ಅದೇ ಬೇಜಾರು. ಹೊಸ ವೈಫೈಗೆ ತಂಗಿ "ಜಗಲಿ" ಎಂದು ಹೆಸರಿಟ್ಟಳು. ಉತ್ಸಾಹದಲ್ಲಿ ಟಿವಿಯನ್ನೂ ಅದಕ್ಕೇ ಹಾಕಿದಳು. ಚಿಕ್ಕಮ್ಮನ ಫೋನಿನಿಂದ ಧಾರಾವಾಹಿ ಟಿವಿಗೆ ಹೋಗುವುದು ನಿಂತಿದೆ, ಆ ಜಗಳ ಮಾತ್ರ ಇನ್ನೂ ನಡೆಯುತ್ತಿದೆ.