ಖರಾಬು ಎಂದವರು ಯಾರು?

ನಮ್ಮ ಪಹಣಿಯಲ್ಲಿ ಒಂದು ಕಾಲಂ ಇದೆ: ಖರಾಬು. ರಾಯಚೂರು ಕಡೆಯವರಿಗೆ ಇದರ ಅರ್ಥ ಹೇಳಬೇಕಿಲ್ಲ. ‘ತಬೇತ್ ಖರಾಬ್ ಆಗ್ಯಾದ’ ಅಂತೀವಿ, ‘ಜಮಾನಾನೇ ಖರಾಬ್’ ಅಂತೀವಿ. ಸರ್ವೆಯವರು ಅದೇ ಪದವನ್ನು ಕಲ್ಲುಗುಂಡಿಗೆ, ಹಳ್ಳಕ್ಕೆ, ಕೆರೆಗೆ, ಸ್ಮಶಾನಕ್ಕೆ ಅಂಟಿಸಿದರು. ಸಾಗುವಳಿಗೆ ಬಾರದ್ದು ‘ಅ’ ಖರಾಬು, ಸಾರ್ವಜನಿಕರಿಗೆ ಬಿಟ್ಟದ್ದು ‘ಬ’ ಖರಾಬು. ಎಲ್ಲರಿಗೂ ಸೇರಿದ ನೆಲವೂ ಕಾಗದದಲ್ಲಿ ಕೆಟ್ಟದ್ದೇ! ನನ್ನ ತಕರಾರು ಶುರುವಾಗುವುದು ಇಲ್ಲಿಂದ.

ಮಾನ್ವಿ, ದೇವದುರ್ಗದ ಬಂಡೆಗುಡ್ಡಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಬೇಸಿಗೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಅಲ್ಲಿ ಏನೂ ಕಾಣುವುದಿಲ್ಲ, ನಿಜ. ಎರಡು ಮಳೆಯಾದ ಮೇಲೆ ಕುರಿ ಕಾಯುವವರ ಜೊತೆ ಹತ್ತಿ ನೋಡಿ. ಬಂಡೆಯ ಸಂದಿಯಲ್ಲಿ ನಿಂತ ನೀರು, ಸೀತಾಫಲ, ತಂಗಡಿ, ಬಾರಿ, ಹತ್ತು ನಮೂನೆಯ ಹುಲ್ಲು. ಯಾವ ಹುಲ್ಲನ್ನು ಯಾವ ತಿಂಗಳು ಮೇಯಿಸಬೇಕು ಎಂಬುದು ಅವರಿಗೆ ಬಾಯಿಪಾಠ. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಗೂ, ನಾರಾಯಣಪುರ ಬಲದಂಡೆ ದೇವದುರ್ಗಕ್ಕೂ ನೀರು ತಂದವು, ಹೊಲಗಳಿಗೆ ಬೆಲೆ ಬಂತು. ಸಂತೋಷವೇ. ಆದರೆ ಬದುವಿನಾಚೆಯ ಗೋಮಾಳದ ಮೇಲೂ ಆಗಲೇ ಕಣ್ಣು ಬಿತ್ತು. ನೂರು ದನಕ್ಕೆ 12 ಹೆಕ್ಟೇರ್ ಗೋಮಾಳ ಇರಬೇಕು ಎನ್ನುತ್ತವೆ 1966ರ ಭೂಕಂದಾಯ ನಿಯಮಗಳು. ನಿಮ್ಮ ಊರಿನ ಲೆಕ್ಕ ತೆಗೆದು ನೋಡಿ. (ಎರಡೆಕರೆ ಬಗರ್ ಹುಕುಂ ಮಾಡಿಕೊಂಡ ಭೂಹೀನನ ಮೇಲೆ ನನ್ನ ಸಿಟ್ಟಿಲ್ಲ, ಗುಡ್ಡಕ್ಕೆ ಮದ್ದು ಇಟ್ಟವರ ಮೇಲಿದೆ.)

ಓದಿದ ಗೆಳೆಯರು ಇದಕ್ಕೆ ಲ್ಯಾಂಡ್ ಟ್ರಸ್ಟ್ ಮಾಡೋಣ ಎನ್ನುತ್ತಾರೆ. 1891ರಲ್ಲಿ ಚಾರ್ಲ್ಸ್ ಎಲಿಯಟ್ ಅಮೆರಿಕದ ಮಸಾಚುಸೆಟ್ಸ್‌ನಲ್ಲಿ ಇಂಥದ್ದೊಂದು ಹುಟ್ಟುಹಾಕಿದ, ನಾಲ್ಕು ವರ್ಷಕ್ಕೆ ಇಂಗ್ಲೆಂಡಿನಲ್ಲಿ ನ್ಯಾಷನಲ್ ಟ್ರಸ್ಟ್ ಬಂತು. ದಾನ ಪಡೆದೋ ಕೊಂಡೋ ನೆಲವನ್ನು ಜನರಿಗಾಗಿ ಶಾಶ್ವತವಾಗಿ ಕಾಯುವ ವ್ಯವಸ್ಥೆ. ಒಳ್ಳೆಯದೇ. ಆದರೆ ನಮ್ಮ ಗುಡ್ಡವನ್ನು ಯಾರಿಂದ ಕೊಳ್ಳುತ್ತೀರಿ? ಅದು ಊರು ತಲೆಮಾರುಗಳಿಂದ ಬಳಸಿದ ನೆಲ. ನೂರೆಕರೆಗೆ ತಂತಿಬೇಲಿ ಹಾಕಿ, ‘ಸಂರಕ್ಷಿತ ಪ್ರದೇಶ’ ಎಂದು ಬೋರ್ಡು ನಿಲ್ಲಿಸಿದರೆ ಮೊದಲು ಹೊರಗೆ ನಿಲ್ಲುವವನು ಕುರಿಗಾಹಿ. ಕುರಿ, ಆಡು ಗುಡ್ಡ ಹಾಳುಮಾಡುತ್ತವಲ್ಲ ಎಂಬ ಮಾತು ಬರುತ್ತದೆ. ಅತಿಯಾದರೆ ಮಾಡುತ್ತವೆ. ಆದರೆ ಜೆಸಿಬಿ ಒಂದೇ ದಿನದಲ್ಲಿ ಒಯ್ಯುವುದನ್ನು ಯಾವ ಆಡೂ ಮೇಯ್ದು ಮುಗಿಸಿದ್ದಿಲ್ಲ.

ಹೊರಗಿನವರು ಯಜಮಾನರಾದರೆ ಏನಾಗುತ್ತದೆಂದು ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ. 1984ರಲ್ಲಿ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಕಟ್ಟಿ, ಸುಮಾರು 30 ಸಾವಿರ ಹೆಕ್ಟೇರ್ ಸಮುದಾಯದ ನೆಲವನ್ನು ನೀಲಗಿರಿ ಬೆಳೆಯಲು ಗೊತ್ತುಮಾಡಿತು. ಹಸಿರೀಕರಣ ಎಂದೇ ಹೇಳಿದ್ದು! 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ಸಮಾಜ ಪರಿವರ್ತನ ಸಮುದಾಯದ ಆ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹದ ಬೆನ್ನಿಗೆ ಶಿವರಾಮ ಕಾರಂತರೂ ನಿಂತರು, ಸುಪ್ರೀಂ ಕೋರ್ಟಿಗೂ ಹೋದರು. 1991ರಲ್ಲಿ ಕಂಪನಿ ಮುಚ್ಚಿತು.

ಹಾಗಾದರೆ ಕಾಯುವವರು ಯಾರು? 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರೇ ಹೇಳಿ ಬರೆಸಿದ ದಾಖಲಾತಿ ಇರಬೇಕು. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟಿತು. ಗಡುವಿಗೆ ಬರೆದ ಪುಸ್ತಕದಲ್ಲಿ ನಿಮ್ಮೂರಿನ ಗುಡ್ಡದ ಹುಲ್ಲಿನ ಹೆಸರಿದೆಯೇ? ಕೇಳಿ ಪಡೆದು ಓದಿ. ಇದೇ ಕಾಯ್ದೆಯಡಿ 2007ರಲ್ಲಿ ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಹುಣಸೆಗೆ ಸಿಕ್ಕ ಮರ್ಯಾದೆ ದೇವದುರ್ಗದ ಬಂಡೆಗೆ ಯಾಕೆ ಸಿಗಬಾರದು?

ರಾಯಚೂರು ನಗರದವರು ಇದು ಹಳ್ಳಿಯ ಉಸಾಬರಿ ಎಂದು ಸುಮ್ಮನಿರುವಂತಿಲ್ಲ. ಕೋಟೆಯ ಪಕ್ಕದ ಮಾವಿನಕೆರೆಯ ದಂಡೆಗೆ ಹೋಗಿ ಮೂಗು ಮುಚ್ಚದೆ ಹತ್ತು ನಿಮಿಷ ನಿಂತು ಬನ್ನಿ, ಆಮೇಲೆ ಮಾತಾಡೋಣ.

ನಾನು ಕೇಳುವುದು ದೊಡ್ಡದೇನಲ್ಲ. ಗೋಮಾಳದ ನಕ್ಷೆ ಪಂಚಾಯಿತಿ ಗೋಡೆಯ ಮೇಲೆ ಬರಲಿ. ಕ್ವಾರಿಗೆ ಪರವಾನಗಿ ಕೊಡುವ ಮುನ್ನ ಆ ದಾಖಲಾತಿಯನ್ನು ಗ್ರಾಮಸಭೆಯಲ್ಲಿ ಜೋರಾಗಿ ಓದಲಿ. ಸಮಿತಿಯಲ್ಲಿ ಕುರಿ ಕಾಯುವವರು, ಸೀತಾಫಲ ಆರಿಸಿ ಮಾರುವ ಹೆಂಗಸರು ಕೂರಲಿ. ಮತ್ತೆ, ಸಭೆ ಹೊತ್ತು ಮುಳುಗಿದ ಮೇಲೆ ಇಡಿ. ಹಗಲು ಹನ್ನೊಂದಕ್ಕೆ ಕರೆದರೆ ಅವರೆಲ್ಲ ಗುಡ್ಡದ ಮೇಲಿರುತ್ತಾರೆ.