ಗೋದಲಿ ಇಲ್ಲದ ಎತ್ತು, ಗ್ಯಾಂಗ್‌ಮನ್ ಇಲ್ಲದ ಘಟ್ಟ

ನಮ್ಮ ಇಂಡಿ, ಸಿಂದಗಿ ಕಡೆ ಲೇಔಟ್ ಅಂದರೆ ಹೊಲದಲ್ಲಿ ಕಲ್ಲು ನೆಟ್ಟು ಮಾರಾಟಕ್ಕಿಟ್ಟ ಪ್ಲಾಟುಗಳು. ಕಿರು ರೈಲು ಕಟ್ಟುವ ಹವ್ಯಾಸಿಗಳ ಮಾತಿನಲ್ಲಿ ಲೇಔಟ್ ಅಂದರೆ ಬೇರೆ. ಹಲಗೆಯ ಮೇಲೆ ಹಳಿ ಹಾಸಿ, ಗುಡ್ಡ, ಸುರಂಗ, ಸೇತುವೆ, ನಿಲ್ದಾಣಗಳನ್ನು ಸಣ್ಣದಾಗಿ ಮಾಡಿ, ನಡುವೆ ರೈಲು ಓಡಿಸುವ ಏರ್ಪಾಟು ಅದು. ಎರಡೂ ಲೇಔಟುಗಳಿಗೆ ಒಂದು ಹೋಲಿಕೆ ಇದೆ. ಎರಡರಲ್ಲೂ ಮೊದಲು ಜಾಗ ಖಾಲಿ ಮಾಡಬೇಕಾದವರು ದುಡಿಯುವ ಜನ.

ಘಟ್ಟದ ರೈಲಿನ ಮಾದರಿಗಳ ವಿಡಿಯೊಗಳನ್ನು ಒಂದು ಸಂಜೆ ಕೂತು ನೋಡಿ. ಸ್ವಿಟ್ಜರ್ಲೆಂಡಿನ ಗೊಥಾರ್ಡ್ ದಾರಿಯಲ್ಲಿ ವಾಸೆನ್ ಎಂಬ ಊರಿದೆ. ರೈಲು ಸುತ್ತಿ ಸುತ್ತಿ ಏರುವಾಗ ಆ ಊರಿನ ಚರ್ಚು ಮೂರು ಎತ್ತರಗಳಿಂದ ಮೂರು ಸಲ ಕಾಣುತ್ತದೆ. ಅದೇ ದೃಶ್ಯ ಲೋಕದ ಎಷ್ಟೋ ಮೇಜುಗಳ ಮೇಲೆ ಕೂತಿದೆ. ನಮ್ಮವರು ಸ್ವಲ್ಪ ಸ್ವದೇಶಿಗಳಾದರೆ ಚರ್ಚಿನ ಬದಲು ದೂಧ್‌ಸಾಗರ ಬರುತ್ತದೆ. ಹತ್ತಿ, ಅಂಟು, ಬಿಳಿ ಬಣ್ಣ ಸೇರಿ ಜಲಪಾತ. ಅದರ ಮುಂದೆ ಕಮಾನು ಸೇತುವೆ. ಮೇಲೆ ತೊಳೆದಿಟ್ಟಂಥ ರೈಲು. ಹಸಿರು ಬೇಕಾದಷ್ಟಿದೆ. ಹಾರೆ ಹಿಡಿದ ಒಬ್ಬ ಮನುಷ್ಯನಿಲ್ಲ. ಜನರಲ್ ಬೋಗಿ ಇಲ್ಲ, ಇದ್ದರೂ ಖಾಲಿ.

ಇದು ಮುಗ್ಧ ಮರೆವು ಎಂದು ನಾನು ಒಪ್ಪುವುದಿಲ್ಲ. ಘಟ್ಟದ ರೈಲಿನ ಮಾದರಿ ಮಾಡುವುದೆಂದರೆ ಏನನ್ನು ಬಿಡಬೇಕು ಎಂದು ತೀರ್ಮಾನಿಸುವುದು. ಆ ತೀರ್ಮಾನದಲ್ಲಿ ಮಾಡಿದವನ ಅಭಿಪ್ರಾಯ ಇದ್ದೇ ಇರುತ್ತದೆ. ಲೆಕ್ಕ ನೋಡಿ. ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆಯಲ್ಲಿ ಎಲ್ಲವೂ ನಿಜದ 87ರಲ್ಲಿ ಒಂದು ಪಾಲು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟದ ದಾರಿ 55 ಕಿಲೋಮೀಟರು. ಅದರಲ್ಲಿ 57 ಸುರಂಗ, 109 ಸೇತುವೆ. ಅದನ್ನು 87ರಿಂದ ಭಾಗಿಸಿದರೂ 632 ಮೀಟರ್ ಹಲಗೆ ಬೇಕು. ಮುದ್ದೇಬಿಹಾಳದ ಯಾವ ವಾಡೆಯ ಪಡಸಾಲೆಯೂ ಅಷ್ಟು ಉದ್ದವಿಲ್ಲ. ಹಾಗಾಗಿ ಎಲ್ಲರೂ ಬಿಡುತ್ತಾರೆ. ನನ್ನ ತಕರಾರು ಬಿಟ್ಟದ್ದಕ್ಕಲ್ಲ, ಜಲಪಾತ ಉಳಿಸಿಕೊಂಡು ಏರನ್ನೂ ಆಳನ್ನೂ ಬಿಟ್ಟದ್ದಕ್ಕೆ.

ಏರಿನ ಮಾತು ಮೊದಲು. ಸಕಲೇಶಪುರದ ಘಟ್ಟದಲ್ಲಿ ಏರು 50ಕ್ಕೆ ಒಂದು: 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಗೆ ಇಳಿಯುವ ಬ್ರಗಾಂಝಾ ಘಟ್ಟದಲ್ಲಿ 37ಕ್ಕೆ ಒಂದು. ಕಣ್ಣಿಗೆ 50ಕ್ಕೆ ಒಂದು ಅಂದರೆ ಸಪಾಟು ನೆಲ. ಎರಡೂವರೆ ಮೀಟರ್ ಹಲಗೆಯ ಒಂದು ತುದಿಗೆ ಐದು ಸೆಂಟಿಮೀಟರ್ ಎತ್ತರದ ಪುಸ್ತಕದ ಕಟ್ಟು ಇಟ್ಟರೆ ಅದೇ ಏರು. ಕಣ್ಣು ಮೋಸ ಹೋಗುತ್ತದೆ, ಗೋಲಿ ಹೋಗುವುದಿಲ್ಲ. ಬಿಟ್ಟ ಕೂಡಲೇ ಉರುಳುತ್ತದೆ. ಸಾವಿರ ಟನ್ನಿನ ಗಾಡಿಯನ್ನು 50ಕ್ಕೊಂದರ ಏರು 20 ಟನ್ ಬಲದಿಂದ ಹಿಂದಕ್ಕೆ ಎಳೆಯುತ್ತದೆ. 37ಕ್ಕೊಂದರ ಏರಿನಲ್ಲಿ ಅದು 27 ಟನ್. ಘಟ್ಟದ ರೈಲಿನ ಇಡೀ ಕತೆ ಈ 20, 27 ಟನ್ನುಗಳ ಜೊತೆಗಿನ ಜಗಳ. ಅದಕ್ಕಾಗಿಯೇ ಹಿಂದಿನಿಂದ ತಳ್ಳುವ ಬ್ಯಾಂಕರ್ ಇಂಜಿನ್, ಅದಕ್ಕಾಗಿಯೇ ಇಳಿಯುವ ಮುನ್ನ ಬ್ರೇಕ್ ಪರೀಕ್ಷೆ, ಹತೋಟಿ ತಪ್ಪಿದ ಗಾಡಿಯನ್ನು ಹಿಡಿದು ನಿಲ್ಲಿಸಲು ಕ್ಯಾಚ್ ಸೈಡಿಂಗ್.

ಮೇಜಿನ ಮೇಲೆ ಈ ಜಗಳವನ್ನು ತೆಗೆದುಹಾಕುವುದು ಬಹಳ ಸುಲಭ. ಒಂದು ಹಳಿಯ ಮೇಲೆ ಇನ್ನೊಂದು ಹಳಿ ದಾಟಬೇಕಾದರೆ ಎಚ್‌ಒದಲ್ಲಿ ಸುಮಾರು ಎಂಟು ಸೆಂಟಿಮೀಟರ್ ಎತ್ತರ ಬೇಕು. 50ಕ್ಕೊಂದರ ಏರಿನಲ್ಲಿ ಅದಕ್ಕೆ ನಾಲ್ಕು ಮೀಟರ್ ಓಟ. ಅಷ್ಟು ತಾಳ್ಮೆ ಯಾರಿಗಿದೆ? ಒಂದು ಮೀಟರಿನಲ್ಲೇ ಏರಿಸಿಬಿಡುತ್ತಾರೆ. ಅಲ್ಲಿಗೆ ಏರು 12ಕ್ಕೆ ಒಂದಾಯಿತು. ಅದು ಊಟಿ ರೈಲಿನ ಏರು! ಮೆಟ್ಟುಪಾಳ್ಯಂ ಕಡೆಯಿಂದ ಏರುವ ನೀಲಗಿರಿ ರೈಲು ಹಳಿಗಳ ನಡುವೆ ಹಲ್ಲುಪಟ್ಟಿ ಹಾಕಿಕೊಂಡು, ಇಂಜಿನ್ನಿನ ಹಲ್ಲುಗಾಲಿಯನ್ನು ಅದಕ್ಕೆ ಕಚ್ಚಿಸಿಕೊಂಡು ಹತ್ತುವ ಏರು. ಇವರ ಸಕಲೇಶಪುರ ಹಲ್ಲಿಲ್ಲದೆ ಅದನ್ನು ನಗುನಗುತ್ತ ಹತ್ತುತ್ತದೆ. ಹಗುರವಾದ ಆಟಿಕೆ ಇಂಜಿನ್ ಹತ್ತಿತು ಎಂದರೆ ಘಟ್ಟ ಹತ್ತಿದಂತೆಯೇ?

ತಿರುವಿನದೂ ಇದೇ ಹಣೆಬರಹ. ಭಾರತದ ಬ್ರಾಡ್‌ಗೇಜ್ ದಾರಿಯಲ್ಲಿ ಅತಿ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್. 87ರಿಂದ ಭಾಗಿಸಿದರೆ ಎರಡು ಮೀಟರ್. ಪೆಟ್ಟಿಗೆಯಲ್ಲಿ ಬರುವ ಹಳಿಯ ತಿರುವು ಸಾಮಾನ್ಯವಾಗಿ 36 ಸೆಂಟಿಮೀಟರ್. ನಿಜದ ಲೆಕ್ಕದಲ್ಲಿ ಅದು 31 ಮೀಟರ್. ಅಷ್ಟು ಸಣ್ಣ ಸುತ್ತಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ತಿರುಗಿಸುವುದೇ ಕಷ್ಟ, ಬ್ರಾಡ್‌ಗೇಜ್ ಗಾಡಿ ಎಲ್ಲಿಂದ ತಿರುಗೀತು? ಏರನ್ನೂ ತಿರುವನ್ನೂ ಗೌರವಿಸುವವನು ಮೇಜಿನ ಮೇಲೆ ಗುಂಡಗೆ ಸುತ್ತುವ ಹಳಿ ಹಾಸಲಾರ. ಗೋಡೆಯ ಗುಂಟ, ಕೋಣೆಯ ಸುತ್ತ, ಒಂದು ಅಡಿ ಅಗಲದ ಹಲಗೆ ಹಾಕಿ, ಒಂದೇ ಸಮನೆ ಏರುವ ದಾರಿ ಕಟ್ಟುತ್ತಾನೆ. 57 ಸುರಂಗಗಳ ಬದಲು ಎರಡು ಇಡಲಿ, ಎಲ್ಲ ನಿಲ್ದಾಣಗಳ ಬದಲು ಎಡಕುಮೇರಿ ಒಂದೇ ಇರಲಿ. ಉದ್ದ ಕತ್ತರಿಸಬಹುದು. ಏರು ಹೆಚ್ಚಿಸಬಾರದು. ಇದು ನನ್ನ ಮೊದಲ ಬೇಡಿಕೆ.

ಎರಡನೆಯ ಬೇಡಿಕೆ ಆಳಿನದು. ಇಲ್ಲಿಯೇ ನನ್ನ ನಾಲ್ಕು ತಾಲ್ಲೂಕುಗಳು ಬರುತ್ತವೆ.

‘ನಿಮ್ಮ ಕಡೆ ಗುಡ್ಡಾನ ಇಲ್ಲಲ್ರೀ, ಘಟ್ಟದ ರೈಲಿನ ಉಸಾಬರಿ ನಿಮಗ್ಯಾಕ?’ ಎಂದು ಕೇಳುವವರಿದ್ದಾರೆ. ನಿಜ, ನಮ್ಮದು ಎರೆಹೊಲದ ನಾಡು. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ರೈಲೇ ಇಲ್ಲ. ಇಂಡಿಗೂ ಬಸವನ ಬಾಗೇವಾಡಿಗೂ ಇರುವುದು ‘ರೋಡ್’ ಎಂಬ ಬಾಲ ಹಚ್ಚಿಕೊಂಡ ನಿಲ್ದಾಣಗಳು. ಇಳಿದ ಮೇಲೆ ಊರು ಮುಟ್ಟಲು ಮತ್ತೊಂದು ಗಾಡಿ ಹಿಡಿಯಬೇಕು. ಆದರೆ ದುಡಿಯಲು ಗುಳೆ ಹೋಗುವ ನಮ್ಮ ಜನಕ್ಕೆ ಎರಡು ದಿಕ್ಕುಗಳು ಬಾಯಿಪಾಠ: ಗೋವಾ, ಮಂಗಳೂರು. ವಾಸ್ಕೋದ ಬೈನಾದಲ್ಲಿ, ಜುವಾರಿನಗರದಲ್ಲಿ ಕಿವಿಗೆ ಬೀಳುವ ಕನ್ನಡ ಯಾವ ಸೀಮೆಯದು? ಮಂಗಳೂರಿನ ಕಟ್ಟಡಗಳ ಕೆಳಗೆ ಬೆಳಗಿನ ಹೊತ್ತು ರೊಟ್ಟಿ ಬಡಿಯುವ ಸಪ್ಪಳ ಯಾವ ಸೀಮೆಯದು? ಗೋವಾಕ್ಕೆ ರೈಲಿನಲ್ಲಿ ಹೋಗುವವನು ಬ್ರಗಾಂಝಾ ಘಟ್ಟ ಇಳಿಯಲೇಬೇಕು. 2019ರಲ್ಲಿ ಆರಂಭವಾದ ವಿಜಯಪುರ–ಮಂಗಳೂರು ರೈಲು ಬಸವನ ಬಾಗೇವಾಡಿ ರೋಡ್, ಆಲಮಟ್ಟಿ, ಗದಗ, ಹುಬ್ಬಳ್ಳಿ, ಹಾಸನ ದಾಟಿ ಸಕಲೇಶಪುರದ ಘಟ್ಟವನ್ನೇ ಇಳಿಯುತ್ತದೆ. ಆ ರೈಲಿನ ಜನರಲ್ ಬೋಗಿಯಲ್ಲಿ ರೊಟ್ಟಿಬುತ್ತಿ, ಶೇಂಗಾ ಹಿಂಡಿ, ಸಲಿಕೆ, ಕೂಸು, ಕೌದಿ ಎಲ್ಲ ಇರುತ್ತವೆ. ಸುರಂಗ ಬಂದಾಗ ಮೊಬೈಲು ಹೊರಗೆ ಚಾಚಿ ಕೂಗುವವನು ಘಟ್ಟವನ್ನು ಒಮ್ಮೆ ನೋಡಿಹೋಗುತ್ತಾನೆ. ಬಾಗಿಲ ಬಳಿ ಗಂಟಿಗೆ ಒರಗಿ ನಿದ್ದೆ ಹೋದವನು ವರ್ಷಕ್ಕೆ ಎರಡು ಸಲ ಅದನ್ನು ದಾಟುತ್ತಾನೆ. ಘಟ್ಟದ ಮೇಲೆ ಹೆಚ್ಚಿನ ಹಕ್ಕು ಯಾರದು?

ಇನ್ನು ಘಟ್ಟವನ್ನು ಕಾಯುವವರು. 2018ರ ಆಗಸ್ಟಿನಲ್ಲಿ ಸಕಲೇಶಪುರದ ಘಟ್ಟ ಹಲವು ಕಡೆ ಕುಸಿದು ರೈಲು ನಿಂತವು. 2024ರ ಜುಲೈನಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ಸುರಿಯುವ ಮಳೆಯಲ್ಲಿ ಕಲ್ಲು ತುಂಬಿ, ದಂಡೆ ಕಟ್ಟಿ ದಾರಿಯನ್ನು ಮತ್ತೆ ನಿಲ್ಲಿಸಿದ್ದು ಕೂಲಿಯವರು ಮತ್ತು ಗ್ಯಾಂಗ್‌ಮನ್‌ಗಳು. ಮಳೆಗಾಲದ ರಾತ್ರಿ ಕೈದೀಪ ಹಿಡಿದು, ಜಿಗಣೆ ಹತ್ತಿಸಿಕೊಂಡು ಹಳಿಯ ಗುಂಟ ನಡೆಯುವ ಪಹರೆಯವನು ಇಲ್ಲದಿದ್ದರೆ ನಿಮ್ಮ ಜಲಪಾತದ ಮುಂದೆ ಯಾವ ರೈಲೂ ಬರುವುದಿಲ್ಲ. ವಾಸೆನ್ ಚರ್ಚನ್ನು ನಕಲು ಮಾಡುವವರು ಅದೇ ದಾರಿಯಲ್ಲಿ ಇನ್ನಷ್ಟು ಮುಂದೆ, ಸುರಂಗದ ಆಚೆ ತುದಿಯ ಐರೋಲೊ ನಿಲ್ದಾಣದವರೆಗೆ ಹೋಗಿ ನೋಡಲಿ. ಗೊಥಾರ್ಡ್ ಸುರಂಗ ತೋಡುವಾಗ ಸತ್ತವರ ನೆನಪಿಗೆ ಶಿಲ್ಪಿ ವಿಂಚೆಂಜೊ ವೇಲಾ ಮಾಡಿದ ಉಬ್ಬುಶಿಲ್ಪ ಅಲ್ಲಿದೆ; ಸಂಗಾತಿಯ ಹೆಣ ಹೊತ್ತು ನಡೆಯುವ ಕೂಲಿಗಳ ಚಿತ್ರ. ಅಲ್ಲಿಯ ಜನ ನೆನಪಿಟ್ಟುಕೊಂಡದ್ದನ್ನು ಅವರನ್ನು ನಕಲು ಮಾಡುವ ನಾವು ಮರೆತೆವು.

‘ಹವ್ಯಾಸ ಸಂತೋಷಕ್ಕೆ ಇರೋದು, ಅದರಲ್ಲೂ ಕೂಲಿ ಕಾರ್ಮಿಕರ ಗೋಳು ತರಬೇಕೇ?’ ಎಂಬ ಪ್ರಶ್ನೆ ಬರುತ್ತದೆ. ತಂದು ನೋಡಿ, ಆಟವೇ ಹೆಚ್ಚು ರುಚಿಯಾಗುತ್ತದೆ. ಗುಂಡಗೆ ಸುತ್ತುವ ರೈಲನ್ನು ಮಕ್ಕಳು ಹತ್ತು ನಿಮಿಷ ನೋಡಿ ಬೇಸರಪಡುತ್ತಾರೆ. ಒಬ್ಬ ಸ್ಟೇಷನ್ ಮಾಸ್ತರ, ಒಬ್ಬ ಡ್ರೈವರ, ಒಬ್ಬ ಪಹರೆಯವ ಎಂದು ಕೆಲಸ ಹಂಚಿ. ಬ್ಯಾಂಕರ್ ಹಚ್ಚದೆ ಗಾಡಿ ಬಿಡುವಂತಿಲ್ಲ. ಬ್ರೇಕ್ ನೋಡದೆ ಇಳಿಯುವಂತಿಲ್ಲ. ಪಹರೆಯವ ಕೆಂಪು ದೀಪ ತೋರಿಸಿದರೆ ಎಡಕುಮೇರಿಯಲ್ಲೇ ನಿಲ್ಲಬೇಕು. ಒಂದು ಗಾಡಿ ಘಟ್ಟ ದಾಟಿಸುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ, ಯಾರೂ ಆಕಳಿಸಿರುವುದಿಲ್ಲ. ಬಸವಣ್ಣ ಹುಟ್ಟಿದ ಬಾಗೇವಾಡಿಯ ಸೀಮೆಯವರಿಗೆ ಕೆಲಸದಲ್ಲಿ ಆನಂದವಿದೆ ಎಂದು ಹೊರಗಿನವರು ಬಂದು ಹೇಳಬೇಕಾಗಿಲ್ಲ.

‘ಇದು ಶ್ರೀಮಂತರ ಆಟ’ ಎಂಬುದು ಇನ್ನೊಂದು ಮಾತು. ಆಮದು ಇಂಜಿನ್ನಿನ ಬೆಲೆ ನೋಡಿದರೆ ಹೌದು. ಆದರೆ ಏರು ದುಡ್ಡಿಗೆ ಸಿಗುವ ಸಾಮಾನಲ್ಲ. ಹಲಗೆ, ದಾರ, ಗೋಲಿ ಇದ್ದರೆ ಸಾಕು. ಮಾದರಿ ಮಾಡುವುದು ನಮಗೆ ಹೊಸದೂ ಅಲ್ಲ. ಜೋಳದ ದಂಟಿನ ಬೆಂಡಿನಿಂದ ಬಂಡಿ ಮಾಡಿ ಎಳೆದ ಮಕ್ಕಳ ನಾಡು ಇದು. ಪ್ರತಿ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಕರಿಮಣ್ಣಿನ ಎತ್ತು ಮಾಡುತ್ತೇವೆ. ಎತ್ತು ಒಂದನ್ನೇ ಮಾಡಿ ಕೈತೊಳೆದುಕೊಳ್ಳುವುದಿಲ್ಲ. ಮುಂದೆ ಗೋದಲಿಯನ್ನೂ ಮಾಡಿ ಇಡುತ್ತೇವೆ. ದುಡಿಯುವ ಜೀವ ಎಂದಮೇಲೆ ಅದರ ಮೇವಿನ ಜಾಗವೂ ಇರಬೇಕೆಂಬ ತಿಳಿವಳಿಕೆ ಆ ಹಬ್ಬದ ಒಳಗೇ ಇದೆ. ದುಬಾರಿ ಲೇಔಟುಗಳಲ್ಲಿ ಇಲ್ಲದ್ದು ಈ ತಿಳಿವಳಿಕೆ.

ಆದ್ದರಿಂದ ನಮ್ಮ ನಾಲ್ಕು ತಾಲ್ಲೂಕುಗಳ ಶಾಲೆಗಳಿಗೆ, ಗ್ರಂಥಾಲಯಗಳಿಗೆ ನನ್ನದೊಂದು ನಕ್ಷೆ. ವಿಜ್ಞಾನ ವಸ್ತುಪ್ರದರ್ಶನಕ್ಕೆ ಆಲಮಟ್ಟಿ ಅಣೆಕಟ್ಟೆಯ ಥರ್ಮಾಕೋಲ್ ಮಾದರಿ ಸಾಕಷ್ಟಾಯಿತು. ಈ ಸಲ ಘಟ್ಟ ಕಟ್ಟಿರಿ. ಕಾಲ 1979ರಿಂದ 1996ರ ನಡುವಿನದು ಇರಲಿ. ಹಾಸನ–ಮಂಗಳೂರು ದಾರಿ 1979ರಲ್ಲಿ ಮೀಟರ್‌ಗೇಜಿನಲ್ಲಿ ಪೂರ್ಣವಾಗಿ, 1996ರಲ್ಲಿ ಗೇಜ್ ಬದಲಾವಣೆಗೆಂದು ನಿಂತಿತು. ನಮ್ಮ ಹೊಟಗಿ–ಗದಗ ದಾರಿಯೂ ಆಗ ಮೀಟರ್‌ಗೇಜೇ. ಆ ಗಾಡಿ ಹತ್ತಿಳಿದ ಹಿರಿಯರು ಊರೂರಲ್ಲಿ ಇದ್ದಾರೆ, ಅವರನ್ನು ಕೇಳಿ. ಅಳತೆಗೂ ಇದು ನ್ಯಾಯ. ಪೇಟೆಯಲ್ಲಿ ಸಿಗುವ 16.5 ಮಿಲಿಮೀಟರ್ ಹಳಿ ಎಚ್‌ಒ ಲೆಕ್ಕದಲ್ಲಿ ಯುರೋಪಿನ ಗೇಜು. ನಮ್ಮ ಬ್ರಾಡ್‌ಗೇಜಿಗೆ 19 ಮಿಲಿಮೀಟರ್ ಮೇಲೆ ಬೇಕು. ಮೀಟರ್‌ಗೇಜಿಗೆ 12 ಮಿಲಿಮೀಟರ್ ಹಳಿ ಹೆಚ್ಚುಕಡಿಮೆ ಸರಿಹೊಂದುತ್ತದೆ. ಕೊಳ್ಳಲಾಗದಿದ್ದರೆ ಬಿದಿರಿನ ಸೀಳಿನಲ್ಲಿ ಹಳಿ ಮಾಡಿ, ಗಾಡಿಯನ್ನು ದಾರದಿಂದ ಎಳೆಯಿರಿ. ಏರಿನ ಭಾರ ಬೆರಳಿಗೇ ಗೊತ್ತಾಗುತ್ತದೆ.

ಒಂದು ತುದಿಗೆ ಬಸವನ ಬಾಗೇವಾಡಿ ರೋಡ್, ಕರಿನೆಲ, ಜಾಲಿಗಿಡ. ಇನ್ನೊಂದು ತುದಿಗೆ ಸುಬ್ರಹ್ಮಣ್ಯ ರೋಡ್, ಅಡಿಕೆ ತೋಟ. ನಡುವೆ 50ಕ್ಕೆ ಒಂದರ ಏರು, ಒಂದು ಕೂದಲೆಳೆ ಹೆಚ್ಚಿಲ್ಲದಂತೆ. ಎಚ್‌ಒ ಅಳತೆಯಲ್ಲಿ ಮನುಷ್ಯನ ಎತ್ತರ ಎರಡು ಸೆಂಟಿಮೀಟರಿಗೆ ತುಸು ಕಡಿಮೆ. ಅಷ್ಟು ಸಣ್ಣ ಕಂಬಳಿ ಕೊಪ್ಪೆಯ ಪಹರೆಯವನನ್ನು, ತಲೆಯ ಮೇಲೆ ಗಂಟು ಹೊತ್ತ ಹೆಣ್ಣುಮಗಳನ್ನು ಮೊದಲು ಮಾಡಿ ನಿಲ್ಲಿಸಿರಿ. ಗುಡ್ಡವನ್ನು ಅವರ ಅಳತೆಗೆ ಕಟ್ಟಿರಿ. ಜಾಗ ಉಳಿದರೆ ಜಲಪಾತ ನೋಡೋಣ.